ಓಡುವ ಕೈಗೆ ಒಂದು ತಡೆ: ಗಮನ ಕೆಡಿಸುವ ಸೈಟುಗಳನ್ನು ಕಂಪ್ಯೂಟರ್‌ನಲ್ಲಿ ಬ್ಲಾಕ್ ಮಾಡುವುದು ಹೇಗೆ

ತಿಂಗಳ 20ನೇ ತಾರೀಖು ಹತ್ತಿರ ಬಂದಂತೆ ನನ್ನ ಮೇಜಿನ ಮೇಲೆ ಬಿಲ್ಲುಗಳ ರಾಶಿ ಏರುತ್ತದೆ. ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಹತ್ತಾರು ಅಂಗಡಿಗಳ ಲೆಕ್ಕ ಬರೆಯುವವನು ನಾನು. ತಿಂಗಳು ತಿಂಗಳು ರಿಟರ್ನ್ ಹಾಕುವವರ ಜಿಎಸ್‌ಟಿಆರ್-3ಬಿ 20ರೊಳಗೆ ಹೋಗಬೇಕು. ಎಲ್ಲ ತುಂಬಿದ ಮೇಲೆ ಒಟಿಪಿ ಅಂಗಡಿಯವರ ಫೋನಿಗೆ ಹೋಗುತ್ತದೆ. ಅವರು ಅದನ್ನು ವಾಟ್ಸಾಪ್‌ನಲ್ಲಿ ನನಗೆ ಕಳಿಸುವ ತನಕ ಕಾಯಬೇಕು. ಒಂದೆರಡು ನಿಮಿಷ ಅಷ್ಟೇ.

ಆ ಒಂದೆರಡು ನಿಮಿಷದಲ್ಲೇ ತೊಂದರೆ ಶುರುವಾಗುತ್ತಿತ್ತು. ಕೈ ಹೊಸ ಟ್ಯಾಬ್ ತೆರೆದು 'ವೈ' ಅಕ್ಷರ ಒತ್ತಿರುತ್ತಿತ್ತು. ಯೂಟ್ಯೂಬ್ ಅನ್ನುವ ಉಳಿದ ಹೆಸರನ್ನು ಬ್ರೌಸರ್ ತಾನೇ ತುಂಬುತ್ತದೆ, ಅಲ್ವಾ? ಎಂಟರ್ ಒತ್ತಿದರೆ ಮುಗಿಯಿತು. ಒಂದು ಸಲ ಹಾರ್ಡ್‌ವೇರ್ ಅಂಗಡಿಯವರು ಫೋನ್ ಮಾಡಿ, "ಸಾರ್, ಒಟಿಪಿ ಕಳ್ಸಿ ಎಷ್ಟೊತ್ತಾಯ್ತು, ರಿಟರ್ನ್ ಹೋಯ್ತಾ?" ಅಂತ ಕೇಳಿದಾಗ ಒಟಿಪಿಯ ಅವಧಿ ಮುಗಿದಿತ್ತು. ನಾನು ನಾಲ್ಕನೇ ವಿಡಿಯೊದಲ್ಲಿದ್ದೆ.

ಆ ದಿನ ಒಂದು ವಿಷಯ ಸರಿಯಾಗಿ ಗಮನಿಸಿದೆ. 'ಈಗ ವಿಡಿಯೊ ನೋಡೋಣ' ಅಂತ ನಾನು ಅಂದುಕೊಂಡೇ ಇರಲಿಲ್ಲ. ಕಾಯುವ ಹೊತ್ತು ಸಿಕ್ಕಿದ ಕೂಡಲೇ ಕೈ ತಾನಾಗಿ ಓಡಿತ್ತು. ಹಾಗಾದರೆ ತಡೆ ಹಾಕಬೇಕಾದ್ದು ಕೈ ಓಡುವ ದಾರಿಗೆ. ಆ ತಡೆ ಜೈಲಿನ ಗೋಡೆಯಷ್ಟು ಗಟ್ಟಿ ಇರಬೇಕಾಗಿಲ್ಲ. 'ಅರೆ, ನಾನೇನು ಮಾಡ್ತಿದ್ದೆ?' ಅಂತ ಕೇಳಿಕೊಳ್ಳುವಷ್ಟು ಹೊತ್ತು ಸಿಕ್ಕರೆ ಸಾಕು. ಇಲ್ಲಿ ಬರೆದಿರುವುದೆಲ್ಲ ಆ ಒಂದು ಕ್ಷಣ ಸಂಪಾದಿಸುವ ದಾರಿಗಳು. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ, ಅದಕ್ಕೆ ಅದನ್ನೇ ವಿವರವಾಗಿ ಹೇಳುತ್ತೇನೆ. ಮ್ಯಾಕ್ ಮತ್ತು ಲಿನಕ್ಸ್ ಬಗ್ಗೆಯೂ ಒಂದಿಷ್ಟು ಇದೆ. ಆಫೀಸಿನವರು ಕೊಟ್ಟ ಕಂಪ್ಯೂಟರ್ ಆದರೆ ಅಲ್ಲಿನ ಐಟಿಯವರನ್ನು ಕೇಳದೆ ಇದನ್ನೆಲ್ಲ ಮಾಡಬೇಡಿ.

ಮೊದಲು ಎರಡು ದಿನ ಬರೆದಿಡಿ

ಬ್ಲಾಕ್ ಮಾಡುವ ಮುಂಚೆ ಎರಡು ದಿನ ಸುಮ್ನೆ ನೋಡಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಕೆಲಸ ಬಿಟ್ಟು ಬೇರೆ ಸೈಟಿಗೆ ಹೋದಾಗೆಲ್ಲ ಅದರ ಹೆಸರು, ಹೊತ್ತು, ಆಗ ಏನು ಮಾಡುತ್ತಿದ್ದಿರಿ ಅನ್ನುವುದನ್ನು ಬರೆಯಿರಿ. ಮರೆತಿದ್ದರೆ ಬ್ರೌಸರ್‌ನಲ್ಲಿ ಕಂಟ್ರೋಲ್ ಕೀ ಹಿಡಿದು 'ಎಚ್' ಒತ್ತಿ, ಹಿಸ್ಟರಿ ಪೂರ್ತಿ ಕಾಣುತ್ತದೆ. ಮೂರನೇ ಕಾಲಂ ಬಿಡಬೇಡಿ, ಅದೇ ಮುಖ್ಯ. ನನ್ನ ಹಾಳೆಯಲ್ಲಿ 'ಒಟಿಪಿಗೆ ಕಾಯುತ್ತಿದ್ದೆ', 'ಫೈಲ್ ಅಪ್‌ಲೋಡ್ ಆಗುತ್ತಿತ್ತು', 'ಬಿಲ್ ತಾಳೆ ಆಗಲಿಲ್ಲ' ಅಂತಲೇ ಹೆಚ್ಚು ಇದ್ದವು.

ಆಮೇಲೆ ಪಟ್ಟಿಯನ್ನು ಎರಡು ಮಾಡಿ. ಒಂದು, ಈ ಕಂಪ್ಯೂಟರ್‌ನಲ್ಲಿ ಯಾವತ್ತೂ ಬೇಡದ ಸೈಟುಗಳು. ನನಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಈ ಸಾಲಿಗೆ ಬಂದವು. ಎರಡು, ಬೇಕು, ಆದರೆ ಹೊತ್ತು ನೋಡಿ ಬೇಕು. ಸುದ್ದಿ, ಕ್ರಿಕೆಟ್ ಸ್ಕೋರ್, ಯೂಟ್ಯೂಬ್ ಇಲ್ಲಿ ಬಂದವು.

ಪಟ್ಟಿ ಚಿಕ್ಕದಿರಲಿ. ಹುರುಪಿನಲ್ಲಿ ನಲವತ್ತು ಸೈಟು ಸೇರಿಸಿದರೆ ಮೂರನೇ ದಿನ ಯಾವುದೋ ಅಗತ್ಯದ ಪುಟ ತೆರೆಯುವುದಿಲ್ಲ. ಸಿಟ್ಟು ಬಂದು ಎಲ್ಲವನ್ನೂ ಕಿತ್ತು ಹಾಕುತ್ತೀರಿ. ನಾನು ಐದು ಸೈಟಿನಿಂದ ಶುರು ಮಾಡಿದೆ.

ಕೀಲಿ ಹಾಕುವ ಮುಂಚೆ ಆಮಿಷ ತೆಗೆಯಿರಿ

ಇದಕ್ಕೆ ಹತ್ತು ನಿಮಿಷ ಸಾಕು. ಏನನ್ನೂ ಬ್ಲಾಕ್ ಮಾಡದೆ ಅರ್ಧ ಕೆಲಸ ಇಲ್ಲೇ ಆಗುತ್ತದೆ ಅಂತ ನನ್ನ ಅನುಭವ.

ಮೊದಲು ಆ 'ವೈ' ಅಕ್ಷರದ ವಿಷಯ. ಕ್ರೋಮ್, ಎಡ್ಜ್ ಅಥವಾ ಫೈರ್‌ಫಾಕ್ಸ್‌ನ ವಿಳಾಸದ ಪಟ್ಟಿಯಲ್ಲಿ 'ವೈ' ಒತ್ತಿ. ಕೆಳಗೆ ಸಲಹೆಗಳು ಇಳಿಯುತ್ತವೆ. ಕೆಳಬಾಣದ ಕೀಯಿಂದ ಯೂಟ್ಯೂಬ್ ಇರುವ ಸಾಲಿಗೆ ಬನ್ನಿ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ಆ ಸಾಲು ಹೋಗುತ್ತದೆ. ಸೈಟನ್ನು ಬುಕ್‌ಮಾರ್ಕ್ ಮಾಡಿದ್ದರೆ ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಸಲಹೆ ಮತ್ತೆ ಬರುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಂದು ಸೈಟಿಗೂ ಹೀಗೆ ಮಾಡಿ. ಒಂದೇ ಅಕ್ಷರಕ್ಕೆ ಓಡಿ ಹೋಗುತ್ತಿದ್ದ ಕೈ ಈಗ ಪೂರ್ತಿ ಹೆಸರು ಟೈಪ್ ಮಾಡಬೇಕಾಗುತ್ತದೆ. ಟೈಪ್ ಮಾಡುವಾಗಲೇ ಎಷ್ಟೋ ಸಲ ಎಚ್ಚರ ಬರುತ್ತದೆ.

ಎರಡನೆಯದು ನೋಟಿಫಿಕೇಶನ್. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಎಂದೋ ಒಂದು ದಿನ 'ಅಲೋ' ಒತ್ತಿದ ಸೈಟುಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಬೇಡದ್ದನ್ನು ತೆಗೆದು ಹಾಕಿ.

ಎಡ್ಜ್ ಬಳಸುವವರು ಹೊಸ ಟ್ಯಾಬ್ ತೆರೆದರೆ ಕೆಳಗೆ ಸುದ್ದಿಗಳ ಹೊಳೆಯೇ ಹರಿಯುತ್ತದೆ. ಆ ಪುಟದ ಮೇಲ್ಭಾಗದ ಗೇರ್ ಚಿಹ್ನೆ ಒತ್ತಿ, ಕಂಟೆಂಟ್ ಅನ್ನುವುದನ್ನು ಆಫ್ ಮಾಡಿ. ವಿಂಡೋಸ್ 11ರಲ್ಲಿ ಟಾಸ್ಕ್‌ಬಾರ್ ಮೂಲೆಯಲ್ಲಿ ಹವಾಮಾನ ತೋರಿಸುವ ವಿಜೆಟ್ ಮೇಲೆ ಮೌಸ್ ತಾಗಿದರೂ ಸುದ್ದಿ ಬಿಚ್ಚಿಕೊಳ್ಳುತ್ತದೆ. ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್‌ಗೆ ಹೋಗಿ ವಿಜೆಟ್ಸ್ ಆಫ್ ಮಾಡಿ. ಮಳೆ ಬರುತ್ತಾ ಅಂತ ಕಿಟಕಿಯಲ್ಲಿ ನೋಡಿದರಾಯಿತು.

ಕೊನೆಗೆ, ಪಟ್ಟಿಯ ಸೈಟುಗಳಿಂದ ಲಾಗ್ ಔಟ್ ಆಗಿ. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್ ಅಳಿಸಿ.

ಹೋಸ್ಟ್ಸ್ ಫೈಲ್: ಮನೆಯ ಫೋನ್ ಡೈರಿ

ಯಾವತ್ತೂ ಬೇಡ ಅಂದ ಸೈಟುಗಳಿಗೆ ಇದೇ ಸರಿಯಾದ ದಾರಿ. ಯಾವ ಸಾಫ್ಟ್‌ವೇರ್ ಹಾಕಬೇಕಾಗಿಲ್ಲ, ದುಡ್ಡೂ ಬೇಡ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಹೆದರಿಕೆ ಇರುವುದಿಲ್ಲ.

ಮನೆಗಳಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲ ನೆನಪಿಸಿಕೊಳ್ಳಿ. ಯಾರದಾದರೂ ನಂಬರ್ ಬೇಕಾದರೆ ಮೊದಲು ಫೋನಿನ ಪಕ್ಕದ ಡೈರಿ ತೆರೆಯುತ್ತಿದ್ದೆವು. ಅಲ್ಲಿ ಸಿಗದಿದ್ದರೆ 197ಕ್ಕೆ ಫೋನ್ ಮಾಡಿ ಕೇಳುತ್ತಿದ್ದೆವು. ಕಂಪ್ಯೂಟರ್ ಕೂಡ ಹಾಗೇ. ಪ್ರತಿ ಸೈಟಿಗೂ ಅಂಕಿಗಳ ಒಂದು ವಿಳಾಸ ಇದೆ. ನೀವು ಹೆಸರು ಟೈಪ್ ಮಾಡಿದಾಗ ಅದು ಮೊದಲು ತನ್ನ ಡೈರಿ ನೋಡುತ್ತದೆ. ಆ ಡೈರಿಯೇ ಹೋಸ್ಟ್ಸ್ ಫೈಲ್. ಅಲ್ಲಿ ಇಲ್ಲದಿದ್ದರೆ ಹೊರಗಿನ ಡಿಎನ್‌ಎಸ್ ಅನ್ನುವ ವ್ಯವಸ್ಥೆಯನ್ನು ಕೇಳುತ್ತದೆ. ಡೈರಿಯೇ ಹಳೆಯದು. ಅಮೆರಿಕದ ಅರ್ಪಾನೆಟ್ ಕಾಲದಲ್ಲಿ ನೆಟ್‌ವರ್ಕಿನ ಎಲ್ಲ ಕಂಪ್ಯೂಟರ್‌ಗಳ ಹೆಸರು ಇದ್ದದ್ದು ಒಂದೇ ಫೈಲಿನಲ್ಲಿ. ಅದನ್ನು ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. ಕಂಪ್ಯೂಟರ್‌ಗಳು ಹೆಚ್ಚಿ ಒಂದೇ ಫೈಲು ಸಾಲದಾದಾಗ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಡೈರಿ ಮಾತ್ರ ನಮ್ಮ ಕಂಪ್ಯೂಟರ್‌ಗಳಲ್ಲಿ ಇವತ್ತಿಗೂ ಉಳಿದಿದೆ.

ಈಗ ನಾವು ಮಾಡುವುದು ಇಷ್ಟು: ಡೈರಿಯಲ್ಲಿ ಫೇಸ್‌ಬುಕ್ ಹೆಸರಿನ ಮುಂದೆ ನಮ್ಮ ಮನೆಯ ನಂಬರನ್ನೇ ಬರೆದಿಡುವುದು. 127.0.0.1 ಅಂದರೆ 'ಇದೇ ಕಂಪ್ಯೂಟರ್' ಅಂತ. ಫೇಸ್‌ಬುಕ್ ಹುಡುಕಿ ಹೊರಟ ಬ್ರೌಸರ್ ತನ್ನ ಮನೆ ಬಾಗಿಲನ್ನೇ ತಟ್ಟುತ್ತದೆ. ಅಲ್ಲಿ ಯಾರೂ ಇಲ್ಲ.

ಒಂದು ಮಾತು: ನಾನಿಲ್ಲಿ ಕನ್ನಡದಲ್ಲಿ ಬರೆದ ಸೈಟುಗಳ ಹೆಸರು ಮತ್ತು ಆದೇಶಗಳನ್ನು ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

1. ಫೈಲ್ ಎಕ್ಸ್‌ಪ್ಲೋರರ್ ತೆರೆದು ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ, ಹೀಗೆ ಒಂದರೊಳಗೊಂದು ಫೋಲ್ಡರ್‌ಗೆ ಹೋಗಿ. ಅಲ್ಲಿ 'ಹೋಸ್ಟ್ಸ್' ಅನ್ನುವ ಫೈಲ್ ಇದೆ. ಅದನ್ನು ಕಾಪಿ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಪೇಸ್ಟ್ ಮಾಡಿ. ಏನಾದರೂ ಎಡವಟ್ಟಾದರೆ ಇದು ಕೈಗೆ ಬರುತ್ತದೆ.

2. ಸ್ಟಾರ್ಟ್ ಮೆನುವಿನಲ್ಲಿ ನೋಟ್‌ಪ್ಯಾಡ್ ಅಂತ ಹುಡುಕಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ವಿಂಡೋಸ್ ಅನುಮತಿ ಕೇಳುತ್ತದೆ, 'ಯೆಸ್' ಒತ್ತಿ. ಈ ಹೆಜ್ಜೆ ತಪ್ಪಿಸಿದರೆ ಕೊನೆಗೆ ಸೇವ್ ಆಗುವುದೇ ಇಲ್ಲ.

3. ನೋಟ್‌ಪ್ಯಾಡ್‌ನಲ್ಲಿ ಫೈಲ್, ಓಪನ್ ಒತ್ತಿ ಅದೇ ಇಟಿಸಿ ಫೋಲ್ಡರ್‌ಗೆ ಹೋಗಿ. ಫೋಲ್ಡರ್ ಖಾಲಿ ಕಾಣುತ್ತದೆ. ಗಾಬರಿ ಬೇಡ. ನೋಟ್‌ಪ್ಯಾಡ್ ಬರೀ ಟೆಕ್ಸ್ಟ್ ಫೈಲುಗಳನ್ನು ತೋರಿಸುತ್ತಿದೆ ಅಷ್ಟೇ. ಕೆಳಗೆ ಬಲಗಡೆ ಇರುವ ಪಟ್ಟಿಯಲ್ಲಿ 'ಆಲ್ ಫೈಲ್ಸ್' ಆರಿಸಿ. ಹೋಸ್ಟ್ಸ್ ಕಾಣುತ್ತದೆ, ತೆರೆಯಿರಿ.

4. ಒಳಗೆ # ಗುರುತಿನಿಂದ ಶುರುವಾಗುವ ಸಾಲುಗಳು ಇರುತ್ತವೆ. ಅವು ಬರೀ ಟಿಪ್ಪಣಿ, ಕಂಪ್ಯೂಟರ್ ಅವನ್ನು ಓದುವುದಿಲ್ಲ. ಇದ್ದ ಯಾವ ಸಾಲನ್ನೂ ಮುಟ್ಟಬೇಡಿ. ಎಲ್ಲಕ್ಕಿಂತ ಕೆಳಗೆ ಹೋಗಿ ಹೀಗೆ ಸೇರಿಸಿ:

127.0.0.1 ಫೇಸ್‌ಬುಕ್.ಕಾಮ್
127.0.0.1 ಡಬ್ಲ್ಯುಡಬ್ಲ್ಯುಡಬ್ಲ್ಯು.ಫೇಸ್‌ಬುಕ್.ಕಾಮ್

ಅಂಕಿಗಳಾದ ಮೇಲೆ ಒಂದು ಸ್ಪೇಸ್, ಆಮೇಲೆ ಹೆಸರು. ಮುಂದೆ ಎಚ್‌ಟಿಟಿಪಿಎಸ್ ಬೇಡ, ಹಿಂದೆ ಸ್ಲ್ಯಾಶ್ ಬೇಡ. ಒಂದು ಸೈಟಿಗೆ ಎರಡು ಸಾಲು ಬೇಕೇ ಬೇಕು, ಯಾಕೆಂದರೆ ಡೈರಿಗೆ ಇವೆರಡೂ ಬೇರೆ ಬೇರೆ ಹೆಸರು. ಮೊಬೈಲ್ ಪುಟದ ಹೆಸರು 'ಎಂ' ಮತ್ತು ಚುಕ್ಕೆಯಿಂದ ಶುರುವಾಗುತ್ತದೆ. ಅದಕ್ಕೆ ಮೂರನೇ ಸಾಲು ಹಾಕಿ. ಎಕ್ಸ್ ಬ್ಲಾಕ್ ಮಾಡುವವರು ಹಳೆಯ ಟ್ವಿಟರ್ ಹೆಸರನ್ನೂ ಸೇರಿಸಿ.

5. ಕಂಟ್ರೋಲ್ ಹಿಡಿದು 'ಎಸ್' ಒತ್ತಿ ಸೇವ್ ಮಾಡಿ. 'ಸೇವ್ ಆ್ಯಸ್' ಕಡೆ ಹೋಗಬೇಡಿ.

6. ಬ್ರೌಸರ್‌ನ ಎಲ್ಲ ಕಿಟಕಿ ಮುಚ್ಚಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಆಮೇಲೆ ಫೇಸ್‌ಬುಕ್ ತೆರೆದು ನೋಡಿ. ಸೈಟ್ ತಲುಪಲಾಗುತ್ತಿಲ್ಲ ಅನ್ನುವ ಬೂದು ಬಣ್ಣದ ಪುಟ ಬಂದರೆ ಕೆಲಸ ಆಯಿತು.

ಬರಲಿಲ್ಲ ಅಂದರೆ? ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ತರ. ಫೈಲು 'ಹೋಸ್ಟ್ಸ್' ಆಗಿರದೆ 'ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ' ಆಗಿ ಸೇವ್ ಆಗಿರುತ್ತದೆ. ಹೆಸರಿನ ಕೊನೆಯ ಆ ಬಾಲವನ್ನು ವಿಂಡೋಸ್ ಸಾಮಾನ್ಯವಾಗಿ ಮುಚ್ಚಿಡುತ್ತದೆ. ಅದಕ್ಕೇ ನೋಡಲು ಎಲ್ಲ ಸರಿ ಇರುವ ಹಾಗೆ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿದರೆ ಬಾಲ ಕಾಣುತ್ತದೆ. ನಿಮ್ಮ ಸಾಲಿನ ಮುಂದೆ # ಉಳಿದಿದೆಯಾ ಅಂತಲೂ ನೋಡಿ. ಎಕ್ಸ್‌ಟೆನ್ಶನ್ ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್. ಬೇರೊಂದು ಕಂಪ್ಯೂಟರ್ ಮೂಲಕ ಸೈಟ್ ತೆರೆಯುವ ವಿಪಿಎನ್ ಅಥವಾ ಪ್ರಾಕ್ಸಿ ಎಕ್ಸ್‌ಟೆನ್ಶನ್ ಇದ್ದರೆ ಅದು ಡೈರಿ ನೋಡದೆ ಬೇರೆ ದಾರಿ ಹಿಡಿಯಬಹುದು, ತೆಗೆದು ನೋಡಿ. ಕೆಲವು ಆ್ಯಂಟಿವೈರಸ್‌ಗಳು ಹೋಸ್ಟ್ಸ್ ಫೈಲಿಗೆ ಕಾವಲು ಕೂತಿರುತ್ತವೆ. ಬದಲಾಯಿಸಿದವರು ನೀವೇ ಅಂತ ಅಲ್ಲಿ ಒಪ್ಪಿಗೆ ಕೊಡಬೇಕಾಗುತ್ತದೆ.

ಮ್ಯಾಕ್ ಮತ್ತು ಲಿನಕ್ಸ್‌ನಲ್ಲೂ ಇದೇ ಹೆಸರಿನ ಫೈಲು ಇಟಿಸಿ ಫೋಲ್ಡರ್‌ನಲ್ಲಿದೆ. ಟರ್ಮಿನಲ್ ಅನ್ನುವ, ಆದೇಶ ಟೈಪ್ ಮಾಡುವ ಕಿಟಕಿ ತೆರೆದು 'ಸುಡೊ ನ್ಯಾನೊ' ಅಂತ ಟೈಪ್ ಮಾಡಿ, ಸ್ಪೇಸ್ ಕೊಟ್ಟು, ಸ್ಲ್ಯಾಶ್ ಇಟಿಸಿ ಸ್ಲ್ಯಾಶ್ ಹೋಸ್ಟ್ಸ್ ಅಂತ ಬರೆದು ಎಂಟರ್ ಒತ್ತಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಅದು ಹಾಗೇ. ಕೊನೆಯಲ್ಲಿ ಅದೇ ಸಾಲುಗಳನ್ನು ಸೇರಿಸಿ. ಕಂಟ್ರೋಲ್ ಮತ್ತು 'ಓ' ಒತ್ತಿ ಎಂಟರ್ ಕೊಟ್ಟರೆ ಸೇವ್, ಕಂಟ್ರೋಲ್ ಮತ್ತು 'ಎಕ್ಸ್' ಒತ್ತಿದರೆ ಹೊರಗೆ.

"ಮಾಮ, ಯೂಟ್ಯೂಬ್ ಪೂರ್ತಿ ಬಂದ್ ಮಾಡಿದ್ರೆ?"

ಹೋಸ್ಟ್ಸ್ ಫೈಲಿಗೆ ಒಂದು ಮಿತಿ ಇದೆ. ಅದಕ್ಕೆ ಗೊತ್ತಿರುವುದು ಹೆಸರು ಮಾತ್ರ. ಒಂದು ಸೈಟಿನ ಅರ್ಧ ಭಾಗ ಮುಚ್ಚಿ ಅರ್ಧ ಭಾಗ ಬಿಡಲು ಬರುವುದಿಲ್ಲ. ಗಂಟೆ ನೋಡಲೂ ಬರುವುದಿಲ್ಲ.

ಇದು ನನಗೆ ಅರ್ಥವಾದದ್ದು ಅಕ್ಕನ ಮಗಳಿಂದ. ಅವಳು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಸಂಜೆ ನನ್ನ ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪ್ ಅವಳದು. ನಾನು ಹುರುಪಿನಲ್ಲಿ ಯೂಟ್ಯೂಬನ್ನೂ ಡೈರಿಗೆ ಸೇರಿಸಿಬಿಟ್ಟಿದ್ದೆ. ಅವಳು ಬಂದು ಕೇಳಿದಳು: "ಮಾಮ, ಯೂಟ್ಯೂಬ್ ಪೂರ್ತಿ ಬಂದ್ ಮಾಡಿದ್ರೆ ನನ್ ಕ್ಲಾಸ್ ಹೆಂಗ್ ಕೇಳ್ಲಿ?" ಸರಿಯಾದ ಪ್ರಶ್ನೆ. ಇತಿಹಾಸ, ಸಂವಿಧಾನ, ಮೆಂಟಲ್ ಎಬಿಲಿಟಿ ಎಲ್ಲ ಪಾಠವೂ ಅವಳಿಗೆ ಅಲ್ಲೇ ಸಿಗುವುದು. ಕೋಚಿಂಗ್‌ಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ರೂಮ್ ಮಾಡಲಾಗದ ಎಷ್ಟೋ ಮಕ್ಕಳಿಗೆ ಯೂಟ್ಯೂಬೇ ಕ್ಲಾಸ್ ರೂಮು. ಅದನ್ನು ಮುಚ್ಚಿದರೆ ಓದನ್ನೇ ಮುಚ್ಚಿದಂತೆ. ಮುಚ್ಚಬೇಕಾದ್ದು ಪಾಠದ ಪಕ್ಕದಲ್ಲಿ ಕೂತು ಕೈಬೀಸಿ ಕರೆಯುವ ಭಾಗವನ್ನು.

ಆ ಭಾಗ ಎಷ್ಟು ಬಲವಾದದ್ದು ಅಂತ ನಮಗೆ ಚೆನ್ನಾಗಿ ಗೊತ್ತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಶುರುವಾಯಿತು, ಅದೂ ಮೊದಲು ಭಾರತದಲ್ಲೇ. ಒಂದು ಮುಗಿದರೆ ಇನ್ನೊಂದು, ಹೆಬ್ಬೆರಳು ಮೇಲೆ ಸರಿಸಿದಷ್ಟೂ ಬರುತ್ತದೆ. ಮೂವತ್ತು ಸೆಕೆಂಡಿನ ತುಣುಕು ನೋಡಿ ಎದ್ದವರು ಯಾರಿದ್ದಾರೆ?

ನಾವಿಬ್ಬರೂ ಕೂತು ಮಾಡಿದ್ದು ಇಷ್ಟು. ಮೊದಲು ಅವಳ ಖಾತೆಯಲ್ಲಿ ವಾಚ್ ಹಿಸ್ಟರಿ ಪೂರ್ತಿ ಅಳಿಸಿ, ಅದನ್ನು ಆಫ್ ಮಾಡಿದೆವು. ಯೂಟ್ಯೂಬ್‌ನಲ್ಲಿ ಎಡಗಡೆ ಹಿಸ್ಟರಿ ಒತ್ತಿದರೆ ಅಲ್ಲೇ 'ಕ್ಲಿಯರ್ ಆಲ್ ವಾಚ್ ಹಿಸ್ಟರಿ' ಮತ್ತು 'ಪಾಸ್ ವಾಚ್ ಹಿಸ್ಟರಿ' ಇರುತ್ತವೆ. 2023ರಿಂದ ಯೂಟ್ಯೂಬ್‌ನ ನಿಯಮ ಹೀಗಿದೆ: ಹಿಸ್ಟರಿ ಆಫ್ ಇದ್ದು, ಹಳೆಯದೂ ಹೆಚ್ಚೇನೂ ಇಲ್ಲದಿದ್ದರೆ ಮುಖಪುಟದಲ್ಲಿ ಶಿಫಾರಸು ಮಾಡಿದ ವಿಡಿಯೊಗಳು ಬರುವುದಿಲ್ಲ. ಪುಟ ಖಾಲಿ. ಮೇಲೆ ಹುಡುಕುವ ಪೆಟ್ಟಿಗೆ ಮಾತ್ರ.

ಆಮೇಲೆ 'ಅನ್‌ಹುಕ್' ಅನ್ನುವ ಉಚಿತ ಎಕ್ಸ್‌ಟೆನ್ಶನ್ ಹಾಕಿದೆವು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರಕ್ಕೂ ಸಿಗುತ್ತದೆ. ಅದರ ಚಿಹ್ನೆ ಒತ್ತಿದರೆ ಸಾಲಾಗಿ ಸ್ವಿಚ್‌ಗಳು ಕಾಣುತ್ತವೆ. ಶಾರ್ಟ್ಸ್, ವಿಡಿಯೊ ಪಕ್ಕದ ಸಲಹೆಗಳು, ವಿಡಿಯೊ ಮುಗಿದಾಗ ಮೂಡುವ ಚೌಕಗಳು, ಆಟೋಪ್ಲೇ ಎಲ್ಲ ಮುಚ್ಚಿದೆವು. ಕಾಮೆಂಟ್ಸ್ ಮಾತ್ರ ಇರಲಿ ಅಂದಳು, ಪಾಠದ ಕೆಳಗೆ ಕೆಲವರು ಉತ್ತರ ತಿದ್ದಿ ಬರೆದಿರುತ್ತಾರಂತೆ. ಬಿಟ್ಟೆವು. ಕೊನೆಗೆ ಅವಳು ಕೇಳುವ ಪಾಠಗಳ ಪ್ಲೇಲಿಸ್ಟ್‌ಗಳನ್ನು ಬುಕ್‌ಮಾರ್ಕ್ ಪಟ್ಟಿಯಲ್ಲಿ ಇಟ್ಟೆವು. ಈಗ ಅವಳು ಮುಖಪುಟ ದಾಟಿ ಹೋಗಬೇಕಾಗಿಯೇ ಇಲ್ಲ, ನೇರ ಪಾಠಕ್ಕೆ ಹೋಗುತ್ತಾಳೆ. ಪಾಠ ಮುಗಿದರೆ ಪರದೆ ಸುಮ್ಮನಾಗುತ್ತದೆ.

ನನ್ನ ಇಡೀ ಪ್ರಯತ್ನದಲ್ಲಿ ಅತ್ಯಂತ ಉಪಯೋಗವಾದದ್ದು ಇದೇ. ಓದುವ ಮಕ್ಕಳಿರುವ ಮನೆಯವರು ಬೇರೆಲ್ಲ ಬಿಟ್ಟರೂ ಇದೊಂದನ್ನು ಮಾಡಿ. ಆದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರನ್ನು ಕೇಳಿ ಮಾಡಿ. ಬೆನ್ನ ಹಿಂದೆ ಮಾಡಿದ ಬ್ಲಾಕ್ ಹೆಚ್ಚು ದಿನ ನಿಲ್ಲುವುದಿಲ್ಲ.

ಗಂಟೆ ನೋಡಿ ಮುಚ್ಚುವ ಬಾಗಿಲು: ಲೀಚ್‌ಬ್ಲಾಕ್

ಹೊತ್ತು ನೋಡಿ ಬೇಕು ಅನ್ನುವ ಸೈಟುಗಳಿಗೆ ನಾನು ಬಳಸುವುದು ಲೀಚ್‌ಬ್ಲಾಕ್ ಎನ್‌ಜಿ. ಇದೂ ಉಚಿತ ಎಕ್ಸ್‌ಟೆನ್ಶನ್. ಆಯ್ಕೆಗಳು ಎಷ್ಟೊಂದು ಇವೆಯೆಂದರೆ ಮೊದಲ ಸಲ ತೆರೆದಾಗ ತಲೆ ತಿರುಗಬಹುದು. ಬೇಕಾಗುವುದು ನಾಲ್ಕೇ.

ಆಪ್ಶನ್ಸ್ ತೆರೆದರೆ ಬ್ಲಾಕ್ ಸೆಟ್ 1, 2, 3 ಅಂತ ಇವೆ. ಮೊದಲನೆಯದರಲ್ಲಿ ಸೈಟುಗಳ ಹೆಸರನ್ನು ಸಾಲಿಗೊಂದರಂತೆ ಬರೆಯಿರಿ. ಇಲ್ಲಿ ಒಂದು ಸೈಟಿಗೆ ಒಂದೇ ಸಾಲು ಸಾಕು. ಮುಂದಿನ ಭಾಗದಲ್ಲಿ ಹೊತ್ತು ಬರೆಯಬೇಕು. ನನ್ನದು ಹೀಗಿದೆ: 0930-1300,1400-1830. ಊಟದ ಒಂದು ಗಂಟೆ ಬಿಟ್ಟಿದ್ದೇನೆ. 24 ಗಂಟೆಯ ಲೆಕ್ಕ, ಮಧ್ಯೆ ಚುಕ್ಕೆ ಇಲ್ಲ. ಕೆಳಗೆ ವಾರದ ದಿನಗಳಿವೆ, ಭಾನುವಾರದ ಗುರುತು ತೆಗೆದಿದ್ದೇನೆ. ಹೊತ್ತಿನ ಬದಲು 'ದಿನಕ್ಕೆ ಇಷ್ಟೇ ನಿಮಿಷ' ಅಂತಲೂ ಕೊಡಬಹುದು.

ಮೂರನೆಯದು, ನನಗೆ ತುಂಬಾ ಹಿಡಿಸಿದ್ದು: ಪೂರ್ತಿ ಬ್ಲಾಕ್ ಮಾಡುವ ಬದಲು ತಡ ಮಾಡುವುದು. ಬ್ಲಾಕ್ ಪುಟದ ಜಾಗದಲ್ಲಿ 'ಡಿಲೇಯಿಂಗ್ ಪೇಜ್' ಆರಿಸಿ, ಸೆಕೆಂಡ್ ಎಷ್ಟು ಅಂತ ಕೊಡಿ. ನಾನು 30 ಕೊಟ್ಟಿದ್ದೇನೆ. ಸುದ್ದಿ ಸೈಟ್ ತೆರೆದರೆ ಅಂಕಿ 30ರಿಂದ ಇಳಿಯುತ್ತಾ ಬರುತ್ತದೆ. ನಿಜವಾಗಿ ಬೇಕಿದ್ದರೆ ಕಾಯುತ್ತೇನೆ. ಕೈ ಸುಮ್ನೆ ಓಡಿದ್ದರೆ 22, 21 ಬರುವಷ್ಟರಲ್ಲಿ ಟ್ಯಾಬ್ ಮುಚ್ಚಿರುತ್ತೇನೆ.

ನಾಲ್ಕನೆಯದು ಬೀಗ. ಬ್ಲಾಕ್ ಇರುವ ಹೊತ್ತಿನಲ್ಲಿ ಆಪ್ಶನ್ಸ್ ಪುಟವೇ ತೆರೆಯದಂತೆ ಮಾಡಲು ಒಂದು ಗುರುತು ಇದೆ, ಹಾಕಿ. ಪಾಸ್‌ವರ್ಡ್ ಇಡಬಹುದು, ಅಥವಾ ಗೊತ್ತುಗುರಿಯಿಲ್ಲದ ಅಕ್ಷರಗಳ ಉದ್ದನೆಯ ಕೋಡ್ ಟೈಪ್ ಮಾಡಿದರೆ ಮಾತ್ರ ತೆರೆಯುವಂತೆ ಮಾಡಬಹುದು. ಕೋಡ್ ಒಳ್ಳೆಯದು. ಪಾಸ್‌ವರ್ಡ್ ಬೆರಳಿಗೆ ಅಭ್ಯಾಸವಾಗಿ ಬಿಡುತ್ತದೆ, ಕೋಡ್ ಆಗುವುದಿಲ್ಲ.

ಒಂದು ಕಿಂಡಿ ಮರೆಯಬೇಡಿ. ಹಿಸ್ಟರಿ ಉಳಿಸಿಕೊಳ್ಳದ ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಎಕ್ಸ್‌ಟೆನ್ಶನ್‌ಗಳು ತಾವಾಗಿ ಕೆಲಸ ಮಾಡುವುದಿಲ್ಲ. ಎಕ್ಸ್‌ಟೆನ್ಶನ್ ವಿವರದಲ್ಲಿ 'ಅಲೋ ಇನ್ ಇನ್‌ಕಾಗ್ನಿಟೊ' ಆನ್ ಮಾಡಿ. ಫೈರ್‌ಫಾಕ್ಸ್‌ನಲ್ಲಿ ಪ್ರೈವೇಟ್ ಕಿಟಕಿಗೆ ಇದೇ ತರದ ಆಯ್ಕೆ ಇದೆ. ಎಕ್ಸ್‌ಟೆನ್ಶನ್ ಹಾಕಿದ ಬ್ರೌಸರ್‌ಗೆ ಮಾತ್ರ ಅದರ ಕಾವಲು. ಎರಡು ಬ್ರೌಸರ್ ಇದ್ದರೆ ಎರಡಕ್ಕೂ ಹಾಕಿ, ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ.

ಕ್ರಿಕೆಟ್ ಬಗ್ಗೆ ಹೇಳಲೇಬೇಕು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. ಅಂಥ ರಾತ್ರಿ ಮ್ಯಾಚ್ ನೋಡಬೇಕು, ಮನೆಯವರ ಜೊತೆ ಕೂತು ನೋಡಬೇಕು. ಹಗಲಿನ ಟೆಸ್ಟ್ ಮ್ಯಾಚ್ ನಡೆಯುವಾಗ ಒಂದೊಂದು ಬಿಲ್ಲಿಗೆ ಒಂದೊಂದು ಸಲ ಸ್ಕೋರ್ ಪುಟ ರಿಫ್ರೆಶ್ ಮಾಡುತ್ತಾ ಕೂರುವುದು ಬೇರೆ. ಅದರಲ್ಲಿ ಆಟದ ಖುಷಿಯೂ ಇಲ್ಲ, ಕೆಲಸವೂ ಇಲ್ಲ. ಅದಕ್ಕೇ ಸ್ಕೋರ್ ಸೈಟಿಗೆ ಊಟದ ಹೊತ್ತು ಮತ್ತು 6.30ರ ನಂತರ ಬಾಗಿಲು ತೆರೆದಿದೆ.

ಇಷ್ಟೂ ಸಾಲದಿದ್ದರೆ

ಕೆಲವರಿಗೆ, ಪರೀಕ್ಷೆಗೆ ಹದಿನೈದು ದಿನ ಇರುವಾಗ, ಇನ್ನೂ ಗಟ್ಟಿ ಬೀಗ ಬೇಕಾಗುತ್ತದೆ. ವಿಂಡೋಸ್ ಮತ್ತು ಮ್ಯಾಕ್‌ಗೆ ಕೋಲ್ಡ್ ಟರ್ಕಿ ಬ್ಲಾಕರ್ ಇದೆ. ಅದರ ಉಚಿತ ಆವೃತ್ತಿಯಲ್ಲೂ ಸೈಟ್ ಬ್ಲಾಕ್ ಮಾಡಬಹುದು. ಮ್ಯಾಕ್‌ಗೆ ಸೆಲ್ಫ್‌ಕಂಟ್ರೋಲ್ ಅನ್ನುವ ಉಚಿತ ಆ್ಯಪ್ ಇದೆ. ಹೊತ್ತು ಕೊಟ್ಟು ಶುರು ಮಾಡಿದರೆ ಮುಗಿದೇ ಹೋಯಿತು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೂ, ಆ್ಯಪನ್ನೇ ಅಳಿಸಿದರೂ ಹೊತ್ತು ಮುಗಿಯುವ ತನಕ ತೆರೆಯುವುದಿಲ್ಲ. ಇಂಥದ್ದನ್ನು ಮೊದಲು ಅರ್ಧ ಗಂಟೆಗೆ ಮಾತ್ರ ಹಾಕಿ, ಬ್ಯಾಂಕ್, ಮೇಲ್, ಕೆಲಸದ ಪುಟಗಳೆಲ್ಲ ತೆರೆಯುತ್ತವಾ ಅಂತ ಪರೀಕ್ಷಿಸಿ. ಆಮೇಲೆ ಹೆಚ್ಚಿನ ಹೊತ್ತಿಗೆ ಹಾಕಿ.

ನಾನು ಆರಿಸಿಕೊಂಡ ದಾರಿ ಇನ್ನೂ ಸರಳ. ಹೋಸ್ಟ್ಸ್ ಫೈಲ್ ತಿದ್ದಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು ಅಂತ ನೋಡಿದಿರಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನ ಅಕೌಂಟ್ಸ್, ಅದರ್ ಯೂಸರ್ಸ್‌ನಲ್ಲಿ ಹೊಸ ಖಾತೆ ಮಾಡಿ ಅದನ್ನು 'ಸ್ಟ್ಯಾಂಡರ್ಡ್ ಯೂಸರ್' ಆಗಿ ಇಡಿ. ದಿನದ ಕೆಲಸ ಅದರಲ್ಲೇ ಮಾಡಿ. ಅಡ್ಮಿನಿಸ್ಟ್ರೇಟರ್ ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಬೇರೆಯವರು ಇಡಲಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಇಟ್ಟಿದ್ದಾಳೆ. ಬೀರುವಿನಲ್ಲಿ ಚೀಟಿಯ ಮೇಲೂ ಬರೆದಿಟ್ಟಿದ್ದಾಳೆ, ಪ್ರಿಂಟರ್ ಹಾಕಿಸುವಾಗ ಬೇಕಾಗುತ್ತದಲ್ಲ.

ಫೋನಿನ ವಿಷಯ ಒಂದೇ ಮಾತು: ಕಂಪ್ಯೂಟರ್‌ನಲ್ಲಿ ಎಲ್ಲ ಮುಚ್ಚಿ ಫೋನ್ ಪಕ್ಕದಲ್ಲಿಟ್ಟುಕೊಂಡರೆ ಕೈ ಅಲ್ಲಿಗೆ ಓಡುತ್ತದೆ. ನನಗೆ ಒಟಿಪಿಗೆ ವಾಟ್ಸಾಪ್ ಬೇಕು. ಅದನ್ನು ಕಂಪ್ಯೂಟರ್‌ನಲ್ಲೇ ತೆರೆದಿಟ್ಟು, ಫೋನನ್ನು ರಿಂಗ್ ಜೋರು ಮಾಡಿ ನಡುಮನೆಯಲ್ಲಿ ಚಾರ್ಜಿಗೆ ಹಾಕುತ್ತೇನೆ.

ಕಾಯುವ ಹೊತ್ತಿಗೆ ಏನಾದರೂ ಬೇಕು

ಬಾಗಿಲು ಮುಚ್ಚಿದ ಮೇಲೂ ಆ ಎರಡು ನಿಮಿಷ ಹಾಗೇ ಉಳಿಯುತ್ತದೆ. ಮೊದಲ ವಾರ ಕೈ ಓಡುತ್ತಲೇ ಇತ್ತು. ಬೂದು ಪುಟ ಬರುತ್ತಿತ್ತು, ಏನು ಮಾಡಬೇಕು ಅಂತ ತೋಚುತ್ತಿರಲಿಲ್ಲ. ಈಗ ಕೀಬೋರ್ಡ್ ಪಕ್ಕ ಮುಂದಿನ ಅಂಗಡಿಯ ಬಿಲ್ಲಿನ ಕಟ್ಟು ಇಟ್ಟಿರುತ್ತೇನೆ. ಒಟಿಪಿ ಬರುವ ತನಕ ತಾರೀಖಿನ ಪ್ರಕಾರ ಜೋಡಿಸುತ್ತೇನೆ. ಅಕ್ಕನ ಮಗಳು ಸಣ್ಣ ಚೀಟಿಗಳಲ್ಲಿ ಸಂವಿಧಾನದ ವಿಧಿಗಳನ್ನು ಬರೆದಿಟ್ಟುಕೊಂಡಿದ್ದಾಳೆ. ವಿಡಿಯೊ ಲೋಡ್ ಆಗುವಾಗ ಒಂದು ಚೀಟಿ ತಿರುವುತ್ತಾಳೆ. ನಿಮಗೆ ಅದು ಒಂದು ಲೋಟ ನೀರೂ ಆಗಬಹುದು. ಕೈಗೆ ಹೋಗಲು ಒಂದು ಜಾಗ ಇರಬೇಕು ಅಷ್ಟೇ.

ಇನ್ನೊಂದು ನಿಯಮ ಇಟ್ಟುಕೊಂಡಿದ್ದೇವೆ. ಕೆಲಸದ ಮಧ್ಯೆ ಪಟ್ಟಿ ಬದಲಾಯಿಸುವಂತಿಲ್ಲ. ಯಾವುದಾದರೂ ಸೈಟ್ ತೆರೆಯಬೇಕು ಅಥವಾ ಮುಚ್ಚಬೇಕು ಅನ್ನಿಸಿದರೆ ಮೇಜಿನ ಮೇಲಿನ ನೋಟ್‌ಬುಕ್‌ನಲ್ಲಿ ಬರೆಯುವುದು. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಮೂವರೂ ಕೂತು ನೋಡುವುದು. ತೆರೆಯಬೇಕಾದ ಸೈಟಿನ ಸಾಲನ್ನು ಹೋಸ್ಟ್ಸ್ ಫೈಲಿನಿಂದ ಅಳಿಸಬೇಕಾಗಿಲ್ಲ. ಮುಂದೆ ಒಂದು # ಹಾಕಿ ಸೇವ್ ಮಾಡಿದರೆ ಸಾಕು, ಮತ್ತೆ ಬೇಕಾದಾಗ # ತೆಗೆದರಾಯಿತು. ಸೋಮವಾರ ಬರೆದ ಎಷ್ಟೋ ಸಾಲುಗಳು ಭಾನುವಾರದ ಹೊತ್ತಿಗೆ ಬೇಡವಾಗಿರುತ್ತವೆ.

ಈ ವಾರದ ಪುಟದಲ್ಲಿ ಎರಡು ಸಾಲು ಇವೆ. ಒಂದು ನನ್ನದು: ಸುದ್ದಿ ಸೈಟಿನ ತಡ 30ರಿಂದ 45 ಸೆಕೆಂಡ್ ಆಗಲಿ. ಇನ್ನೊಂದು ಅವಳದು: ಕಾಮೆಂಟ್ಸ್ ಕೂಡ ಮುಚ್ಚಿ ಬಿಡಿ ಮಾಮ.